ಮಾರುದ್ದದ ವೈರು, ನಾಲ್ಕು ಸುತ್ತು

ಲ್ಯಾಪ್‌ಟಾಪ್ ಚಾರ್ಜರಿನ ವೈರನ್ನು ಕಣ್ಣಿನ ನೆರವಿಲ್ಲದೆ ಸುತ್ತುವುದು, ಇಡುವುದು, ಗುರುತು ಹಿಡಿಯುವುದು ಹೇಗೆ ಎಂದು ಕೇಳಿ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಆರನ್ನು ಈ ಸಲ ಆರಿಸಿಕೊಂಡಿದ್ದೇವೆ. ಅಳತೆಗಳನ್ನು ಬೇಕೆಂದೇ ಹೂವು ಮಾರುವವರ ಲೆಕ್ಕದಲ್ಲಿ, ಗೇಣು ಮೊಳ ಮಾರುಗಳಲ್ಲಿ ಕೊಟ್ಟಿದ್ದೇವೆ. ಬಸ್ಸಿನಲ್ಲಾಗಲಿ ಹಾಸ್ಟೆಲಿನಲ್ಲಾಗಲಿ ಟೇಪು ಸಿಗದೇ ಹೋಗಬಹುದು, ಮೊಳಕೈ ಜತೆಗೇ ಇರುತ್ತದೆ.

ಪ್ರಶ್ನೆ: ನನಗೆ ದೃಷ್ಟಿ ಇಲ್ಲ. ದಿನಾ ಹಾಸನದಿಂದ ಚನ್ನರಾಯಪಟ್ಟಣಕ್ಕೆ ಬಸ್ಸಿನಲ್ಲಿ ಹೋಗಿಬರುತ್ತೇನೆ. ಚಾರ್ಜರ್ ವೈರನ್ನು ಅಡಾಪ್ಟರಿಗೇ ಬಿಗಿಯಾಗಿ ಸುತ್ತಿ ಬ್ಯಾಗಿಗೆ ಹಾಕುವುದು ರೂಢಿ. ಆದರೂ ತೆಗೆಯುವಾಗ ಸಿಕ್ಕಾಗಿರುತ್ತದೆ. ಈಗ ಅಡಾಪ್ಟರಿನ ಬುಡದಲ್ಲಿ ವೈರು ಬಿರಿದಂತಿದೆ, ಅಲ್ಲಾಡಿಸಿದರೆ ಮಾತ್ರ ಚಾರ್ಜ್ ಆಗುತ್ತದೆ. ಸರಿಯಾಗಿ ಸುತ್ತುವುದು ಹೇಗೆ?
— ಉದ್ಯೋಗಿ, ಹಾಸನ

ಉತ್ತರ: ಮೊದಲು ಈಗಿರುವ ಚಾರ್ಜರ್ ಬಳಸುವುದನ್ನು ನಿಲ್ಲಿಸಿ. ಅಲ್ಲಾಡಿಸಿದರೆ ಚಾರ್ಜ್ ಆಗುವ ವೈರಿಗೆ ಇನ್ಸುಲೇಷನ್ ಟೇಪ್ ಸುತ್ತಿ ದಿನ ದೂಡುವುದು ಬೇಡ. ಅಡಾಪ್ಟರಿನಿಂದ ಲ್ಯಾಪ್‌ಟಾಪಿಗೆ ಹೋಗುವ ಸಣ್ಣ ವೈರಿನ ಒಳಗೆ, ಸಾಮಾನ್ಯವಾಗಿ, ನಡುವೆ ಒಂದು ತಂತಿ, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ, ಅದರ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ಎಳೆಗಳು ಇರುತ್ತವೆ. ಅಡಾಪ್ಟರಿಗೆ ಸುತ್ತಿದಾಗ ವೈರು ಹೊರಬರುವ ರಬ್ಬರ್ ಕುತ್ತಿಗೆ ಮುಗಿಯುವ ಕಡೆ, ದಿನಾ ಅದೇ ಜಾಗದಲ್ಲಿ, ಚೂಪಾಗಿ ಮಡಿಚಿಕೊಳ್ಳುತ್ತದೆ. ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಉಳಿದ ನಾಲ್ಕಾರು ಎಳೆಗಳ ಮೇಲೆ ಪೂರ್ತಿ ಕರೆಂಟಿನ ಹೊರೆ ಬಿದ್ದು ಆ ಜಾಗ ಬಿಸಿಯಾಗುತ್ತದೆ, ಒಳ ಹೊದಿಕೆ ಮೆತ್ತಗಾಗುತ್ತದೆ, ಕೊನೆಗೆ ಒಳಗಿನ ತಂತಿ ಹೊರಗಿನ ಎಳೆಗೆ ತಾಗುತ್ತದೆ. ಕರೆಂಟು ಹರಿಯುತ್ತಿರುವಾಗ ಬುಡದ ಒಂದೇ ಜಾಗ ಉಳಿದ ವೈರಿಗಿಂತ ಬಿಸಿ ಎನಿಸಿದರೆ ಆ ಹಂತ ದೂರವಿಲ್ಲ.

ಇನ್ನು ಹೊಸ ಚಾರ್ಜರಿಗೆ. ಅಡಾಪ್ಟರಿಗೆ ಸುತ್ತದೆ, ಪಕ್ಕದಲ್ಲಿ ಸಿಂಬಿ ಮಾಡಿ ಕಟ್ಟುವುದೇ ಸರಿಯಾದ ಕ್ರಮ. ಹೆಚ್ಚಿನ ಚಾರ್ಜರುಗಳ ಸಣ್ಣ ವೈರು ಸುಮಾರು 1.8 ಮೀಟರ್ ಇರುತ್ತದೆ, ಅಂದರೆ ಒಂದು ಮಾರು. ಗೋಡೆಗೆ ಹೋಗುವ ದಪ್ಪ ವೈರು ಸುಮಾರು 1 ಮೀಟರ್, ಎರಡು ಮೊಳಕ್ಕಿಂತ ತುಸು ಹೆಚ್ಚು. ದಪ್ಪ ವೈರು ಅಡಾಪ್ಟರಿನಿಂದ ಬಿಚ್ಚಿ ಬರುವಂಥದ್ದಾದರೆ ಬಿಚ್ಚಿಬಿಡಿ. ಒಂದು ಬಿರುಸು, ಇನ್ನೊಂದು ಮೆದು, ಎರಡನ್ನೂ ಸೇರಿಸಿ ಸುತ್ತಿದರೆ ಮೆದುವಾದದ್ದು ಬಿರುಸಾದದ್ದರ ಸಂದಿಗೆ ನುಸುಳುತ್ತದೆ. ನಿಮ್ಮ ಸಿಕ್ಕಿನ ಅರ್ಧ ಕಾರಣ ಇದೇ ಇರಬೇಕು.

ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಹತ್ತು ನಿಮಿಷ ಅಡಾಪ್ಟರ್ ಆರಲು ಬಿಡಿ. ಬಿಸಿ ವೈರು ಹೇಗೆ ಮಡಿಚಿದರೆ ಹಾಗೇ ಕೂತುಬಿಡುತ್ತದೆ. ಕುಳಿತುಕೊಂಡು ಅಡಾಪ್ಟರನ್ನು ತೊಡೆಯ ಮೇಲೆ ಎಡಕ್ಕೆ ಇಟ್ಟುಕೊಳ್ಳಿ. ಸಣ್ಣ ವೈರನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಅಡಾಪ್ಟರಿನಿಂದ ಲ್ಯಾಪ್‌ಟಾಪ್ ಕಡೆಯ ಪ್ಲಗ್ಗಿನವರೆಗೆ ಒಮ್ಮೆ ಹಾಯಿಸಿ. ಹಾಯಿಸುತ್ತಿದ್ದಂತೆ ಒಳಗಿದ್ದ ಹುರಿಯೆಲ್ಲ ತುದಿಗೆ ತಳ್ಳಲ್ಪಟ್ಟು ಪ್ಲಗ್ ತಾನೇ ಗಿರಗಿರ ತಿರುಗುತ್ತದೆ. ತಿರುಗುವುದು ನಿಂತರೆ ವೈರು ಸಡಿಲವಾಯಿತೆಂದು ಲೆಕ್ಕ.

ಅಡಾಪ್ಟರಿನ ಬುಡದಿಂದ ಅರ್ಧ ಗೇಣು ವೈರನ್ನು ಹಾಗೇ ಬಿಟ್ಟು, ಅಲ್ಲಿ ಎಡಗೈಯ ಹೆಬ್ಬೆರಳು ತೋರುಬೆರಳಲ್ಲಿ ಚಿಮುಟಿ ಹಿಡಿಯಿರಿ. ಈ ಹಿಡಿತ ಕೊನೆಯವರೆಗೂ ಬಿಡಬಾರದು. ಬಲಗೈಯನ್ನು ವೈರಿನ ಮೇಲೆ ಒಂದು ಮೊಳ ಜಾರಿಸಿ ಹಿಡಿದು ಎಡಗೈಗೆ ತನ್ನಿ. ತರುವಾಗ ಬಲಗೈಯ ಎರಡು ಬೆರಳ ನಡುವೆ ವೈರನ್ನು ಬತ್ತಿ ಹೊಸೆಯುವ ಹಾಗೆ ಸ್ವಲ್ಪ ಉರುಳಿಸಿ. ಸರಿಯಾದ ದಿಕ್ಕಿಗೆ ಉರುಳಿಸಿದರೆ ಸುತ್ತು ಚಪ್ಪಟೆಯಾಗಿ ಬೀಳುತ್ತದೆ. ತಪ್ಪು ದಿಕ್ಕಾದರೆ ಜಿಲೇಬಿಯ ಹಾಗೆ ಎಂಟಂಕಿ ಆಗುತ್ತದೆ. ಎಂಟಾದರೆ ಬಿಟ್ಟು ಆಚೆ ದಿಕ್ಕಿಗೆ ಉರುಳಿಸಿ. ಮೊಳದಷ್ಟು ಸುತ್ತಳತೆಯೆಂದರೆ ಸಿಂಬಿಯ ಅಡ್ಡಳತೆ ಸುಮಾರು 14 ಸೆಂ.ಮೀ. ಬ್ಯಾಗಿನ ಮುಂದಿನ ಜೇಬಿಗೆ ಹಿಡಿಸುತ್ತದೆ, ವೈರಿಗೂ ನೋವಿಲ್ಲ. ಮಾರುದ್ದಕ್ಕೆ ಮೂರೂವರೆ, ಹೆಚ್ಚೆಂದರೆ ನಾಲ್ಕು ಸುತ್ತು. ಏಳೆಂಟು ಸುತ್ತು ಬಂದರೆ ನೀವು ಬಿಗಿಯಾಗಿ ಸುತ್ತುತ್ತಿದ್ದೀರಿ ಎಂದರ್ಥ.

ಕಟ್ಟಲು ವೆಲ್ಕ್ರೋ ಪಟ್ಟಿ ಬೇಕು. ಟೈಲರಿಂಗ್ ಸಾಮಾನಿನ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ಕೊಡುತ್ತಾರೆ. ಒರಟು, ಮೆದು ಎರಡೂ ಪಟ್ಟಿಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಹೊಲಿಸಿ, ಒಂದು ಗೇಣುದ್ದ ಕತ್ತರಿಸಿ, ಒಂದು ತುದಿಯಲ್ಲಿ ಸೀಳು ಮಾಡಿಸಿ. ಆ ಸೀಳಿನಲ್ಲಿ ಪಟ್ಟಿಯ ಇನ್ನೊಂದು ತುದಿಯನ್ನು ತೂರಿಸಿ, ವೈರಿನ ಮೇಲೆ, ಎಡಗೈ ಚಿಮುಟುವ ಜಾಗದಲ್ಲೇ ಅದು ಶಾಶ್ವತವಾಗಿ ಇರುವಂತೆ ಬಿಗಿಯಿರಿ. ಇದರಿಂದ ಎರಡು ಲಾಭ. ಕೆಳಗೆ ಬಿದ್ದ ಪಟ್ಟಿಗಾಗಿ ಬಸ್ಸಿನಲ್ಲಿ ತಡಕಾಡುವ ಕೆಲಸವಿಲ್ಲ. ಚಿಮುಟು ಎಲ್ಲಿಂದ ಶುರು ಎಂಬುದಕ್ಕೂ ಅದೇ ಗುರುತು. ಸಿಂಬಿಯನ್ನು ಕಟ್ಟಿದ ಮೇಲೆ ಪಟ್ಟಿಯಡಿ ಒಂದು ಬೆರಳು ಹೋಗಬೇಕು. ಲ್ಯಾಪ್‌ಟಾಪಿಗೆ ಹೋಗುವ ಪ್ಲಗ್ಗನ್ನು ನಾಲ್ಕು ಬೆರಳಗಲ ಬಾಲದ ಹಾಗೆ ಹೊರಗೆ ಬಿಡಿ, ಬಿಚ್ಚುವಾಗ ಮೊದಲು ಕೈಗೆ ಸಿಗಬೇಕಾದ್ದು ಅದೇ.

ದಪ್ಪ ವೈರಿಗೆ ಇಷ್ಟು ಉಪಚಾರ ಬೇಡ. ಎರಡು ದೊಡ್ಡ ಸುತ್ತು, ಇನ್ನೊಂದು ಪಟ್ಟಿ, ಸಾಕು.

ಪ್ರಶ್ನೆ: ಮೈಕ್‌ಸೆಟ್‌ನವರು ಒಂದು ಸುತ್ತು ನೇರ, ಒಂದು ಸುತ್ತು ಉಲ್ಟಾ ಹಾಕುತ್ತಾರೆಂದು ಕೇಳಿ ನಾನೂ ಹಾಗೇ ಸುತ್ತಿದೆ. ಬಿಚ್ಚುವಾಗ ವೈರಿನುದ್ದಕ್ಕೂ ಗಂಟಿನ ಮೇಲೆ ಗಂಟು. ಈ ವಿಧಾನವೇ ತಪ್ಪೋ, ನನ್ನ ಕೈ ತಪ್ಪೋ?
— ಓದುಗ, ಅರಸೀಕೆರೆ

ಉತ್ತರ: ವಿಧಾನ ಸರಿ, ಕೈಯೂ ಸರಿ ಇರಬಹುದು. ಪ್ಲಗ್ಗಿನ ತುದಿ ಸಿಂಬಿಯ ನಡುವಿನಿಂದ ತೂರಿಹೋಗಿದೆ. ನೇರ-ಉಲ್ಟಾ ಸುತ್ತಿನ ದೌರ್ಬಲ್ಯ ಇದೊಂದೇ: ತುದಿ ಒಂದು ಸಲ ನಡುವೆ ಹಾದರೆ ಪ್ರತಿ ಉಲ್ಟಾ ಸುತ್ತೂ ಒಂದು ಗಂಟು. ಗಂಟುಗಳನ್ನು ಎಳೆದು ಬಿಗಿ ಮಾಡದೆ, ತುದಿಯನ್ನು ಬಂದ ದಾರಿಯಲ್ಲೇ ವಾಪಸ್ ಹಾಯಿಸಿದರೆ ಎಲ್ಲವೂ ಒಟ್ಟಿಗೆ ಬಿಚ್ಚಿಕೊಳ್ಳುತ್ತವೆ. ಮುಂದೆ ಪಟ್ಟಿ ಕಟ್ಟುವಾಗ ಪ್ಲಗ್ಗಿನ ಬಾಲದ ಬುಡವನ್ನೂ ಪಟ್ಟಿಯೊಳಗೇ ಸೇರಿಸಿ ಕಟ್ಟಿ. ಆಗ ಅದು ನಡುವಿಗೆ ಜಾರುವುದಿಲ್ಲ.

ಹೀಗೇಕೆ ಸುತ್ತಬೇಕು ಎಂದರೆ, ತೆಂಗಿನ ಸೀಮೆಯವರಿಗೆ ಹಗ್ಗದ ಹುರಿ ಹೊಸದಾಗಿ ಹೇಳಿಕೊಡಬೇಕಿಲ್ಲ. ಒಂದೇ ದಿಕ್ಕಿಗೆ ಸುತ್ತಿದ ಪ್ರತಿ ಸುತ್ತೂ ವೈರಿಗೆ ಒಂದು ಪೂರ್ತಿ ಹುರಿ ಸೇರಿಸುತ್ತದೆ. ಮೊಣಕೈಗೆ ಸುತ್ತುವವರ ವೈರು ಬಿಚ್ಚಿದಾಗ ಹಾವಿನಂತೆ ಸುರುಳಿ ಸುರುಳಿಯಾಗಿ ನಿಲ್ಲುವುದು ಅದಕ್ಕೇ. ಉಲ್ಟಾ ಸುತ್ತು ಹಿಂದಿನ ಹುರಿಯನ್ನು ಕಳೆಯುತ್ತದೆ.

ಉಲ್ಟಾ ಸುತ್ತಿಗೆ ಬಲಗೈಯನ್ನು ಹೆಬ್ಬೆರಳು ನೆಲಕ್ಕೆ ಬರುವ ಹಾಗೆ ತಿರುಗಿಸಿಕೊಂಡು ವೈರು ಹಿಡಿಯಿರಿ. ಎಡಗೈ ಹತ್ತಿರ ತರುತ್ತಾ ಮಣಿಕಟ್ಟನ್ನು ತಿರುಗಿಸಿ, ಹೆಬ್ಬೆರಳು ಮೇಲೆ ಬಂದಾಗ ಸುತ್ತನ್ನು ಎಡಗೈಗೆ ಕೊಡಿ. ಸರಿಯಾಯಿತೇ ಎಂದು ಚಿಮುಟಿನ ಹತ್ತಿರ ಬೆರಳಾಡಿಸಿ ನೋಡಬಹುದು. ನೇರ ಸುತ್ತಿನಲ್ಲಿ ಮುಂದಕ್ಕೆ ಹೋಗುವ ವೈರು ಸುತ್ತುಗಳ ಹೊರಮೈಗೆ ಇರುತ್ತದೆ. ಉಲ್ಟಾ ಸುತ್ತಿನಲ್ಲಿ ಅದು ಹಿಂದಿನ ಸುತ್ತಿಗೂ ಈ ಸುತ್ತಿಗೂ ನಡುವೆ ಸಿಕ್ಕಿಕೊಂಡಿರುತ್ತದೆ.

ಒಂದು ಮಾತು. ನಾಲ್ಕು ಸುತ್ತಿನ ಚಾರ್ಜರಿಗೆ ಇದು ಕಡ್ಡಾಯವಲ್ಲ, ಬೆರಳಲ್ಲಿ ಉರುಳಿಸುತ್ತಾ ಸುತ್ತಿದರೆ ಸಾಕು. ಐದು ಮೀಟರಿನ ಎಕ್ಸ್‌ಟೆನ್ಷನ್ ವೈರಿಗಾದರೆ ಕಲಿತುಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಹಾಸ್ಟೆಲ್ ರೂಮಿನಲ್ಲಿ ನಾಲ್ವರಿದ್ದೇವೆ, ಇಬ್ಬರಿಗೆ ದೃಷ್ಟಿ ಇಲ್ಲ. ಎಲ್ಲರ ಚಾರ್ಜರೂ ಒಂದೇ ಥರ. ಮೊನ್ನೆ ನನ್ನ ಲ್ಯಾಪ್‌ಟಾಪಿಗೆ ಗೆಳತಿಯ ಚಾರ್ಜರ್ ಹಾಕಿದೆ. ಪ್ಲಗ್ ಹೊಕ್ಕಿತು, ಚಾರ್ಜ್ ಮಾತ್ರ ಆಗಲಿಲ್ಲ. ಮುಟ್ಟಿ ಗುರುತು ಹಿಡಿಯುವುದು ಹೇಗೆ?
— ವಿದ್ಯಾರ್ಥಿನಿ, ಚಿಕ್ಕಮಗಳೂರು

ಉತ್ತರ: ಹೊಕ್ಕಿತೆಂದ ಮಾತ್ರಕ್ಕೆ ಹೊಂದುತ್ತದೆ ಎಂದಲ್ಲ. ದುಂಡು ಪ್ಲಗ್ಗಿನ ಹಲವು ಡೆಲ್, ಎಚ್‌ಪಿ ಚಾರ್ಜರುಗಳಲ್ಲಿ ನಡುವೆ ಸೂಜಿಯಂಥ ಒಂದು ಕಡ್ಡಿ ಇರುತ್ತದೆ. ಚಾರ್ಜರ್ ಯಾವುದು, ಎಷ್ಟು ವ್ಯಾಟ್‌ನದು ಎಂದು ಲ್ಯಾಪ್‌ಟಾಪ್ ತಿಳಿಯುವುದು ಆ ಕಡ್ಡಿಯ ಮೂಲಕ. ಗುರುತು ಸಿಗದಿದ್ದರೆ ಕರೆಂಟ್ ತೆಗೆದುಕೊಂಡರೂ ಬ್ಯಾಟರಿಗೆ ತುಂಬದೇ ಇರಬಹುದು. ಓರೆಯಾಗಿ ತುರುಕಿ ಆ ಕಡ್ಡಿ ಬಾಗಿದರೂ ಇದೇ ಗತಿ. ಉಗುರಿನಿಂದ ಕೆದಕಿ ನೋಡಬೇಡಿ.

ಪ್ಲಗ್ಗಿನ ಆಕಾರ ಬೆರಳಿಗೆ ಚೆನ್ನಾಗಿಯೇ ತಿಳಿಯುತ್ತದೆ. ದುಂಡು ಪ್ಲಗ್ ಪೆನ್ನಿನ ಮೂತಿಯಂತೆ. ಹಳೆಯ ಕೆಲವು ಲೆನೊವೊಗಳದ್ದು ಆಯತಾಕಾರ. ಯುಎಸ್‌ಬಿ-ಸಿ ಚಪ್ಪಟೆ, ಎರಡು ಬದಿ ದುಂಡಗೆ, ಹೇಗೆ ತಿರುಗಿಸಿ ಹಾಕಿದರೂ ನಡೆಯುತ್ತದೆ. ದಪ್ಪ ವೈರು ಅಡಾಪ್ಟರಿಗೆ ಸೇರುವ ತುದಿ ಬಿಲ್ವಪತ್ರೆಯಂತೆ ಮೂರೆಸಳಾಗಿದ್ದರೆ ಹೆಚ್ಚಿನ ಲ್ಯಾಪ್‌ಟಾಪ್ ಅಡಾಪ್ಟರುಗಳಿಗೆ ಹೊಂದುತ್ತದೆ. ಕಡಲೆಕಾಯಿಯಂತೆ ಎರಡೇ ಉಬ್ಬು ಇದ್ದರೆ ಅದು ರೇಡಿಯೋ, ಸಣ್ಣ ಪ್ರಿಂಟರುಗಳಂಥವಕ್ಕೆ ಬರುವ ವೈರು. ಅಗಲವಾದ, ಎರಡು ಮೂಲೆ ಕತ್ತರಿಸಿದ ತುದಿಯಾದರೆ ಡೆಸ್ಕ್‌ಟಾಪ್ ಕಂಪ್ಯೂಟರಿನದು.

ಆಕಾರ ಒಂದೇ ಆಗಿರುವಾಗ ಗುರುತನ್ನು ನೀವೇ ಹಾಕಬೇಕು. ಎಲ್ಲಕ್ಕಿಂತ ಬಾಳಿಕೆ ಬರುವುದು ಸಣ್ಣ ನೈಲಾನ್ ಕೇಬಲ್ ಟೈ. ಪ್ಲಗ್ಗಿನಿಂದ ಮೂರು ಬೆರಳಗಲ ಬಿಟ್ಟು ಕಟ್ಟಿ, ನಿಮಗೆ ಒಂದು, ಗೆಳತಿಗೆ ಎರಡು. ವೈರಿನ ಮೇಲೆ ಅದು ಸುಲಭವಾಗಿ ತಿರುಗುವಷ್ಟು ಸಡಿಲ ಇರಲಿ, ಬಿಗಿದರೆ ಅಲ್ಲೇ ವೈರು ಕಚ್ಚಿಕೊಳ್ಳುತ್ತದೆ. ಉಳಿದ ಬಾಲವನ್ನು ಕತ್ತರಿಯಲ್ಲಲ್ಲ, ನೇಲ್ ಕಟರಿನಲ್ಲಿ ಬುಡಕ್ಕೆ ಕತ್ತರಿಸಿ. ಕತ್ತರಿ ಬಿಡುವ ಚೂಪು ತುದಿ ಬೆರಳು ಸೀಳುತ್ತದೆ. ಹೊಲಿಗೆ ದಾರವೂ ಆಗುತ್ತದೆ, ಆದರೆ ಮೂರು ತಿಂಗಳಿಗೆ ಕೊಳೆ ಹಿಡಿದು ವೈರಿಗೆ ಅಂಟಿ ಬೆರಳಿಗೆ ತಿಳಿಯದಂತಾಗುತ್ತದೆ. ಅಡಾಪ್ಟರಿನ ಮೇಲೂ, ಗೋಡೆಯ ಪ್ಲಗ್ಗಿನ ಬೆನ್ನ ಮೇಲೂ ಅದೇ ಲೆಕ್ಕದ ಗುರುತು ಬೇಕು, ಇಲ್ಲದಿದ್ದರೆ ಬೋರ್ಡಿನಲ್ಲಿ ಬೇರೆಯವರ ಪ್ಲಗ್ ಕೀಳುತ್ತೀರಿ. ಅಲ್ಲಿಗೆ ಎಂ-ಸೀಲ್‌ನ ಸಾಸಿವೆ ಗಾತ್ರದ ಬೊಟ್ಟು ಸಾಕು. ಯುಎಸ್‌ಬಿ-ಸಿ ಪ್ಲಗ್ಗಿನ ಲೋಹದ ಭಾಗಕ್ಕೆ ಮಾತ್ರ ಅದು ಹತ್ತಬಾರದು.

ಬ್ರೈಲ್ ಓದುವವರಾದರೆ ಇನ್ನೂ ಸಲೀಸು. ಅಡಾಪ್ಟರಿನ ಮೇಲಿನ ಸಣ್ಣ ಅಕ್ಷರಗಳನ್ನು ಬಿ ಮೈ ಐಸ್, ಲುಕ್‌ಔಟ್‌ನಂಥ ಆ್ಯಪ್‌ನಿಂದ ಒಮ್ಮೆ ಓದಿಸಿ. ಅದರಲ್ಲಿ ‘ಔಟ್‌ಪುಟ್’ ಎಂದಿರುವ ಸಾಲು ಮುಖ್ಯ. 20 ವೋಲ್ಟ್, 3.25 ಆಂಪಿಯರ್ ಎಂದಿದ್ದರೆ ಗುಣಿಸಿ 65 ವ್ಯಾಟ್. ಬ್ರೈಲ್ ಟೇಪಿನಲ್ಲಿ ‘ಲ’ (ಚುಕ್ಕಿ 1-2-3), ಅಂಕಿ ಚಿಹ್ನೆ (3-4-5-6), 6 (1-2-4), 5 (1-5) ಒತ್ತಿ ಅಡಾಪ್ಟರಿಗೆ ಅಂಟಿಸಿ. ಮೊದಲು ಆ ಜಾಗವನ್ನು ಒಣ ಬಟ್ಟೆಯಲ್ಲಿ ಚೆನ್ನಾಗಿ ಉಜ್ಜಿ, ಅಡಾಪ್ಟರ್ ತಣ್ಣಗಿರುವಾಗ ಅಂಟಿಸಿ.

ಯುಎಸ್‌ಬಿ-ಸಿ ಬಳಸುವವರಿಗೆ ಇನ್ನೊಂದು ಎಚ್ಚರ. ಫೋನಿನ ಸಿ ಕೇಬಲ್ಲೂ ಲ್ಯಾಪ್‌ಟಾಪಿನ ಸಿ ಕೇಬಲ್ಲೂ ಬೆರಳಿಗೆ ಒಂದೇ. ಸಾಮಾನ್ಯ ಕೇಬಲ್ 3 ಆಂಪಿಯರ್‌ಗೆ, ಅಂದರೆ 60 ವ್ಯಾಟ್‌ಗೆ ನಿಲ್ಲುತ್ತದೆ. 100 ವ್ಯಾಟ್‌ಗೆ 5 ಆಂಪಿಯರಿನ, ಒಳಗೆ ಗುರುತಿನ ಚಿಪ್ ಇರುವ ಕೇಬಲ್ಲೇ ಬೇಕು. ಅಂಗಡಿಯಿಂದ ತಂದ ದಿನವೇ ಟೈ ಕಟ್ಟಿಬಿಡಿ.

ಪ್ರಶ್ನೆ: ವೈರಿನ ತುದಿಯ ಹತ್ತಿರ ಗಟ್ಟಿ ಗಂಟಿನಂಥದ್ದು ಕೈಗೆ ಸಿಗುತ್ತದೆ. ಒಳಗೆ ಸುಟ್ಟು ಉಬ್ಬಿದೆಯೇ?
— ಓದುಗರು, ಸಕಲೇಶಪುರ

ಉತ್ತರ: ಹೆಬ್ಬೆರಳಿನ ಒಂದು ಗಿಣ್ಣಿನಷ್ಟು ಉದ್ದ, ಎಲ್ಲ ಕಡೆ ಒಂದೇ ದುಂಡಗೆ, ಕಲ್ಲಿನಂತೆ ಗಟ್ಟಿ ಇದ್ದರೆ ಅದು ಫೆರೈಟ್ ಕೊಳವೆ. ವೈರಿನಲ್ಲಿ ಸೇರಿಕೊಳ್ಳುವ ಹೈ ಫ್ರೀಕ್ವೆನ್ಸಿಯ ವಿದ್ಯುತ್ ಗದ್ದಲವನ್ನು (ಕಿವಿಗೆ ಕೇಳುವ ಸದ್ದಲ್ಲ) ತಡೆಯಲು ತಯಾರಕರೇ ಹಾಕಿರುತ್ತಾರೆ. ಎಲ್ಲ ಚಾರ್ಜರಿನಲ್ಲೂ ಇರುವುದಿಲ್ಲ. ಒಳಗಿನದು ಸೆರಾಮಿಕ್, ನೆಲಕ್ಕೆ ಬಡಿದರೆ ಒಡೆಯುತ್ತದೆ. ಸುತ್ತುವಾಗ ಅದು ಸುತ್ತಿನ ಬಾಗಿನಲ್ಲಿ ಬಾರದೆ ಬಾಲದಲ್ಲಿ ಉಳಿಯಲಿ.

ನಿಜವಾದ ಕೆಡುಕು ಬೇರೆ ಥರ ತಿಳಿಯುತ್ತದೆ. ತಿಂಗಳಿಗೊಮ್ಮೆ ಪ್ಲಗ್ ಎರಡೂ ಕಡೆ ಕಿತ್ತು, ವೈರನ್ನು ಬೆರಳ ನಡುವೆ ನಿಧಾನವಾಗಿ ಎಳೆಯಿರಿ. ಒಂದು ಕಡೆ ಚಪ್ಪಟೆ, ಒಂದು ಕಡೆ ಅಂಟಂಟು, ಬಾಗಿಸಿದರೆ ಬೇಯಿಸಿದ ಶಾವಿಗೆಯಂತೆ ತಡೆಯಿಲ್ಲದೆ ಬಾಗುವ ಜಾಗ, ಒರಟಾಗಿ ಚುಚ್ಚುವ ಎಳೆ, ಇವುಗಳಲ್ಲಿ ಯಾವುದು ಸಿಕ್ಕರೂ ವೈರು ಮುಗಿದಂತೆ.

ಪ್ರಶ್ನೆ: ಮೂಡಿಗೆರೆ ಕಡೆ ಜೂನ್ ಬಂತೆಂದರೆ ಎಲ್ಲದಕ್ಕೂ ಬೂಷ್ಟು. ಚಾರ್ಜರಿಗೆ ಹಾಕಿದ ರಬ್ಬರ್ ಬ್ಯಾಂಡ್ ಕರಗಿ ಅಂಟಿಕೊಂಡಿದೆ. ಎಲ್ಲಿ, ಹೇಗೆ ಇಡಬೇಕು? ಸುರುಳಿ ಸುತ್ತಿಕೊಳ್ಳುವ ಗ್ಯಾಜೆಟ್ ಕೊಳ್ಳಬಹುದೇ?
— ಓದುಗಿ, ಮೂಡಿಗೆರೆ

ಉತ್ತರ: ಗ್ಯಾಜೆಟ್ ಬೇಡ. ಸ್ಪ್ರಿಂಗಿನದು ವೈರನ್ನು ಬಿಗಿಯಾಗಿ ಎಳೆದು ಚಿಕ್ಕ ಗಾಲಿಗೆ ಸುತ್ತುತ್ತದೆ, ನಾವು ತಪ್ಪಿಸಬೇಕಾದ್ದೇ ಅದು.

ರಬ್ಬರ್ ಬ್ಯಾಂಡು ಬಿಸಿಗೆ, ತೇವಕ್ಕೆ ಅಂಟಾಗುವುದು ಸಹಜ. ಒಣ ಬಟ್ಟೆಯಲ್ಲಿ ಉಜ್ಜಿ ಉರುಳೆ ಮಾಡಿ ತೆಗೆಯಿರಿ, ಹೋಗದಿದ್ದರೆ ಹಿಂಡಿದ ಒದ್ದೆ ಬಟ್ಟೆ, ಆಮೇಲೆ ಮತ್ತೆ ಒಣ ಬಟ್ಟೆ. ಕೊಬ್ಬರಿ ಎಣ್ಣೆ ಹಚ್ಚುವವರಿದ್ದಾರೆ, ಅದು ಅಂಟನ್ನು ಬಿಡಿಸುತ್ತದೆ, ಹಿಂದೆಯೇ ದೂಳನ್ನೂ ಕರೆಯುತ್ತದೆ. ಬೂಷ್ಟು ಬೆಳೆಯುವುದು ಪ್ಲಾಸ್ಟಿಕ್ಕಿನ ಮೇಲೆ ಕೂತ ಬೆವರು, ದೂಳಿನ ಮೇಲೆ. ವಾರಕ್ಕೊಮ್ಮೆ ಒರೆಸಿದರೆ ಮುಕ್ಕಾಲು ಪಾಲು ಗೆದ್ದಂತೆ.

ಮಳೆಗಾಲದಲ್ಲಿ ಹೊರಗೋಡೆಗೆ ತಾಗಿದ ಬೀರು ಬೇಡ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ನಾಲ್ಕೈದು ಸಿಲಿಕಾ ಜೆಲ್ ಪೊಟ್ಟಣ. ಅಡಾಪ್ಟರ್ ಪೂರ್ತಿ ಆರಿದ ಮೇಲೆಯೇ ಮುಚ್ಚಳ ಹಾಕಿ. ನುಸಿಗುಳಿಗೆ ಹಾಕಬೇಡಿ, ಅದರ ಆವಿ ಕೆಲವು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ. ಬೇಸಿಗೆಯಲ್ಲಿ ಬಾಗಿಲ ಹಿಂದೆ ತೂಗುಹಾಕುವ, ಚಪ್ಪಲಿ ಇಡುವ ಜೇಬುಗಳ ಬಟ್ಟೆ ಬಹಳ ಅನುಕೂಲ. ಒಂದು ಜೇಬಿಗೆ ಒಂದೇ ವೈರು, ಜೇಬಿನ ಅಂಚಿಗೆ ಗುಂಡಿ ಹೊಲಿದು ಲೆಕ್ಕ: ಒಂದು ಗುಂಡಿ ಲ್ಯಾಪ್‌ಟಾಪ್, ಎರಡು ಗುಂಡಿ ಫೋನು.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸ್ವಿಚ್ ಆಫ್ ಮಾಡಿದರೆ ಸಾಲದು, ಸ್ವಿಚ್ಚಿನೊಳಗಿನ ಕಿರಿದಾದ ಸಂದನ್ನು ಸಿಡಿಲಿನ ವೋಲ್ಟೇಜ್ ಹಾರಬಲ್ಲದು. ದೂರದ ಮೊದಲ ಗುಡುಗಿಗೇ ಪ್ಲಗ್ ಕೀಳಿ, ಬ್ರಾಡ್‌ಬ್ಯಾಂಡ್ ವೈರು ಇದ್ದರೆ ಅದನ್ನೂ. ಗುಡುಗು ತಲೆಯ ಮೇಲೆ ಬಂದ ಮೇಲೆ ಪ್ಲಗ್ ಮುಟ್ಟಲು ಹೋಗಬೇಡಿ.

ಪ್ರಶ್ನೆ: ನಮ್ಮ ಮಾವನವರಿಗೆ ಎರಡು ವರ್ಷದಿಂದ ಕಣ್ಣು ಕಾಣುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಎನ್‌ವಿಡಿಎ (ತೆರೆಯ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್) ಹಾಕಿಕೊಂಡು ಪೇಪರ್ ಕೇಳುತ್ತಾರೆ. ಪ್ಲಗ್ ಹಾಕುವುದು, ವೈರು ಸುತ್ತುವುದು ನಾವೇ ಮಾಡುತ್ತೇವೆ. ಅವರು ‘ನಾನೇ ಮಾಡ್ಕೊಳ್ತೀನಿ ಬಿಡಮ್ಮಾ’ ಅನ್ನುತ್ತಾರೆ. ಶಾಕ್ ಹೊಡೆದರೆ ಎಂದು ಭಯ.
— ಗೃಹಿಣಿ, ಬೇಲೂರು

ಉತ್ತರ: ಬಿಡಿ, ಅವರೇ ಮಾಡಿಕೊಳ್ಳಲಿ. ಮೊದಲು ಒಬ್ಬ ಎಲೆಕ್ಟ್ರಿಷಿಯನ್‌ರಿಂದ ಆ ಬೋರ್ಡಿನ ಅರ್ತ್ ಸರಿಯಿದೆಯೇ, ಸಾಕೆಟ್ ಅಲ್ಲಾಡುತ್ತಿದೆಯೇ ಎಂದು ನೋಡಿಸಿ. ಬೋರ್ಡು ಸೊಂಟದ ಎತ್ತರಕ್ಕೆ ಇದ್ದರೆ ಬಗ್ಗಿ ತಡಕಾಡುವುದು ತಪ್ಪುತ್ತದೆ.

ಕ್ರಮ ಹೀಗಿರಲಿ: ದಪ್ಪ ವೈರು ಅಡಾಪ್ಟರಿಗೆ, ಸಣ್ಣ ವೈರು ಲ್ಯಾಪ್‌ಟಾಪಿಗೆ, ಆಮೇಲೆ ಗೋಡೆಗೆ, ಸ್ವಿಚ್ ಎಲ್ಲಕ್ಕಿಂತ ಕೊನೆಗೆ. ಕೀಳುವಾಗ ಸ್ವಿಚ್ ಮೊದಲು. ನಮ್ಮ ಗೋಡೆ ಸ್ವಿಚ್ಚುಗಳು ಸಾಮಾನ್ಯವಾಗಿ ಕೆಳಗೆ ಒತ್ತಿದರೆ ಆನ್. ತಲೆಕೆಳಗಾಗಿ ಕೂರಿಸಿದ ಬೋರ್ಡುಗಳೂ ಇವೆ, ಎಕ್ಸ್‌ಟೆನ್ಷನ್ ಬೋರ್ಡಿನಲ್ಲಂತೂ ನಂಬುವ ಹಾಗಿಲ್ಲ. ಆನ್ ಆಗುವ ತುದಿಗೆ ಒಂದು ಬೊಟ್ಟು ಅಂಟಿಸಿಕೊಡಿ.

ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪಗೆ ಉದ್ದವಾಗಿರುವುದು ಅರ್ತ್ ಪಿನ್, ಸುಮಾರು 7 ಮಿ.ಮೀ. ದಪ್ಪ, ಉಳಿದೆರಡು ಸುಮಾರು 5 ಮಿ.ಮೀ. ಅದು ಉದ್ದವಿರುವುದರಿಂದ ಮೊದಲು ಸೇರುತ್ತದೆ, ಕೊನೆಗೆ ಬಿಡುತ್ತದೆ. ಬಲಗೈಯಲ್ಲಿ ಪ್ಲಗ್ಗಿನ ಮೈ ಹಿಡಿದು, ಬೆರಳುಗಳು ಪಿನ್ನುಗಳಿಂದ ಹಿಂದೆ ಇರುವಂತೆ ನೋಡಿಕೊಂಡು, ದಪ್ಪ ಪಿನ್ ಮೇಲಕ್ಕೆ ಮಾಡಿಕೊಳ್ಳಲಿ. ಸ್ವಿಚ್ ಆಫ್ ಇರುವಾಗ ಎಡಗೈ ತೋರುಬೆರಳನ್ನು ಸಾಕೆಟ್ಟಿನ ದೊಡ್ಡ ತೂತಿನ ಮೇಲಂಚಿಗೆ ತಾಗಿಸಿ, ಆ ಬೆರಳಿನ ಕೆಳಗೆ ಪಿನ್ ತಂದು ಇಡಲಿ. ದಪ್ಪ ಪಿನ್ ಕೂತರೆ ಉಳಿದವು ತಾವೇ ಸಾಲಿಗೆ ಬರುತ್ತವೆ. ವೈರು ಹಿಡಿದು ಎಂದೂ ಎಳೆಯುವುದಲ್ಲ.

ಚಾರ್ಜ್ ಆಗುತ್ತಿದೆಯೇ ಎಂದು ದೀಪ ನೋಡಬೇಕಿಲ್ಲ. ಎನ್‌ವಿಡಿಎ ಕೀ ಜತೆಗೆ ಶಿಫ್ಟ್ ಮತ್ತು ಬಿ ಒತ್ತಿದರೆ ಬ್ಯಾಟರಿ ಶೇಕಡಾ ಎಷ್ಟಿದೆ, ಕರೆಂಟಿಗೆ ಸೇರಿದೆಯೇ ಎಂದು ಹೇಳುತ್ತದೆ. ಎನ್‌ವಿಡಿಎ ಕೀ ಎಂದರೆ ಸಾಮಾನ್ಯವಾಗಿ ಇನ್ಸರ್ಟ್. ಕರೆಂಟು ಸೇರಿದೆ ಎಂದರೂ ಅರ್ಧ ಗಂಟೆಯಲ್ಲಿ ಶೇಕಡಾ ಏರದಿದ್ದರೆ ಪ್ಲಗ್ಗಿನ ಕಡ್ಡಿಯೋ ವೈರೋ ಕೆಟ್ಟಿರಬಹುದು. ‘ಸೇರಿದೆ, ಇಲ್ಲ, ಸೇರಿದೆ’ ಎಂದು ತಾನಾಗಿಯೇ ಮತ್ತೆ ಮತ್ತೆ ಹೇಳತೊಡಗಿದರೆ ಮೊದಲ ಪತ್ರದ ಹಾಸನದ ಓದುಗರಿಗೆ ಬಂದ ತೊಂದರೆಯೇ ಇಲ್ಲೂ ಶುರುವಾಗಿದೆ ಎಂದು ತಿಳಿಯಿರಿ.

ಮನೆಯವರು ಮಾಡಬೇಕಾದ್ದು ಒಂದಿದೆ. ಸಿಂಬಿಯನ್ನು ಅವರು ಎಲ್ಲಿಟ್ಟರೋ ಅಲ್ಲೇ ಇರಲಿ. ಕಸ ಗುಡಿಸುವಾಗ ಸರಿಸಿದರೆ, ಗುಡಿಸಿದ ಮೇಲೆ ವಾಪಸ್ ಅದೇ ಮೂಲೆಗೆ, ಪ್ಲಗ್ಗಿನ ಬಾಲ ಅದೇ ದಿಕ್ಕಿಗೆ ಇರುವಂತೆ ಇಡಿ.